ಒಲೆಯಿಂದ ಎಲೆಗೆ ಎಷ್ಟು ಗಂಟೆ?

ಮೊಳಕಾಲ್ಮುರು ತಾಲ್ಲೂಕಿನ ಓದುಗರೊಬ್ಬರು ಫೋನ್ ಮಾಡಿದ್ದರು. ಏಪ್ರಿಲ್ ಕೊನೆಯಲ್ಲಿ ಮಗಳ ಮದುವೆ, ಚಳ್ಳಕೆರೆಯ ಕಲ್ಯಾಣ ಮಂಟಪದಲ್ಲಿ. ಆರತಕ್ಷತೆಯನ್ನು ಹಿಂದಿನ ರಾತ್ರಿ ಇಟ್ಟುಕೊಳ್ಳದೆ, ಧಾರೆ ಮುಗಿದ ಮೇಲೆ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಇಟ್ಟಿದ್ದಾರೆ. ರಾತ್ರಿಯಾದರೆ ಹಳ್ಳಿ ಕಡೆಗೆ ಬಸ್ಸಿರುವುದಿಲ್ಲ, ಬಂದ ನೆಂಟರು ಹೊತ್ತು ಮುಳುಗುವ ಮುಂಚೆ ಊರು ಸೇರಲಿ ಅಂತ. ಅಡುಗೆಯವರು ಬರೆದುಕೊಟ್ಟ ಪಟ್ಟಿಯನ್ನು ಓದಿದರು: ಹೋಳಿಗೆ, ಜಾಮೂನು, ಪಲಾವು, ಮಿರ್ಚಿ, ಕೋಸಂಬರಿ, ಅನ್ನ, ಸಾರು, ಮೊಸರನ್ನ, ಕಸ್ಟರ್ಡ್ ಹಾಕಿದ ಫ್ರೂಟ್ ಸಲಾಡ್. "ಸಾರ್, ಈ ಬಿಸಿಲಿಗೆ ಇದರಲ್ಲಿ ಯಾವುದು ತಂಪು, ಯಾವುದು ಉಷ್ಣ?"

ನಾನು ತಿರುಗಿ ಕೇಳಿದೆ, "ಅನ್ನ ಎಷ್ಟು ಗಂಟೆಗೆ ಮಾಡ್ತಾರೆ?"

"ಬೆಳಗಿನ ಜಾವ ಐದಕ್ಕೇ ಮುಗಿಸಿಬಿಡ್ತಾರಂತೆ. ಆಮೇಲೆ ಗಡಿಬಿಡಿ ಇರಲ್ಲ ಅಂದ್ರು."

ಐದಕ್ಕೆ ಮಾಡಿದ ಅನ್ನ, ಕೊನೆಯ ಪಂಕ್ತಿ ಎರಡೂವರೆಗೆ. ಒಂಬತ್ತೂವರೆ ಗಂಟೆ! ಅದರ ಮೇಲೆ ಆ ಕಸ್ಟರ್ಡ್. ನನಗೆ ತಕ್ಷಣ ನೆನಪಾದದ್ದು ನಾರ್ವೆಯ ಸೂಕ್ಷ್ಮಾಣುತಜ್ಞ ಸ್ಟೈನಾರ್ ಹೌಗೆ.

1940ರ ದಶಕದ ಕೊನೆ. ಓಸ್ಲೋದಲ್ಲಿ ಆಸ್ಪತ್ರೆಯ ಊಟ ಮಾಡಿದವರೂ ಸೇರಿ ಸುಮಾರು 600 ಜನ ಹೊಟ್ಟೆ ಹಿಡಿದುಕೊಂಡು ಮಲಗಿದರು. ಎಲ್ಲರೂ ತಿಂದಿದ್ದದ್ದು ವೆನಿಲ್ಲಾ ಸಾಸ್, ಅಂದರೆ ಮೆಕ್ಕೆಜೋಳದ ಹಿಟ್ಟು ಕದಡಿ ಹಾಲಿನಲ್ಲಿ ಕುದಿಸಿ ಗಟ್ಟಿ ಮಾಡಿದ್ದು. ನಮ್ಮ ಮದುವೆಗಳ ಕಸ್ಟರ್ಡಿನ ಖಾಸಾ ಅಣ್ಣ. ಹಿಂದಿನ ದಿನವೇ ಕುದಿಸಿ ಹೊರಗಿಟ್ಟಿದ್ದರು. ಅದರಲ್ಲಿ ಹೌಗೆಗೆ ಸಿಕ್ಕಿದ್ದು ಬ್ಯಾಸಿಲಸ್ ಸೀರಿಯಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಮಣ್ಣಿನ ಈ ಸಾಧು ಪ್ರಾಣಿ ಮನುಷ್ಯನಿಗೆ ಏನು ಮಾಡೀತು ಎಂದು ಅನುಮಾನಿಸುವವರಿದ್ದರು. ಹೌಗೆ ವಾದಕ್ಕೆ ನಿಲ್ಲಲಿಲ್ಲ. ಶುದ್ಧ ವೆನಿಲ್ಲಾ ಸಾಸಿಗೆ ಅದೇ ಬ್ಯಾಕ್ಟೀರಿಯಾ ಸೇರಿಸಿ, ಒಂದು ದಿನ ಹೊರಗಿಟ್ಟು, 200 ಮಿ.ಲೀ. ಕುಡಿದುಬಿಟ್ಟರು. ಪ್ರತಿ ಮಿಲಿಲೀಟರಿನಲ್ಲಿ 9 ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ. 13 ಗಂಟೆಯ ಮೇಲೆ ಹೊಟ್ಟೆ ಕಿವುಚಿಕೊಂಡು ಭೇದಿ ಶುರುವಾಯಿತು. 1955ರಲ್ಲಿ ಅದನ್ನೆಲ್ಲ ಬರೆದು ಪ್ರಕಟಿಸಿದರು. ಇಂಥ ಪುಣ್ಯಾತ್ಮರಲ್ಲಿ ಅವರೇ ಮೊದಲಿಗರಲ್ಲ. 1914ರಲ್ಲಿ ಬಾರ್ಬರ್ ಎಂಬವರು ಫಿಲಿಪ್ಪೀನ್ಸಿನಲ್ಲಿ, ನೋಡಲು ಆರೋಗ್ಯವಾಗಿಯೇ ಇದ್ದ ಹಸುವೊಂದರ ಹಾಲನ್ನು ಹಾಗೇ ಹೊರಗಿಟ್ಟು ಕುಡಿದು, ಕಾಯಿಲೆ ಬಿದ್ದು, ಸ್ಟೆಫಿಲೊಕಾಕಸ್ ಎಂಬ ಮತ್ತೊಂದು ಬ್ಯಾಕ್ಟೀರಿಯಾದ ವಿಷವನ್ನು ತೋರಿಸಿಕೊಟ್ಟಿದ್ದರು.

ಕುದಿಸಿದ ಮೇಲೂ ಇದು ಉಳಿಯುವುದು ಹೇಗೆ? ಚಳ್ಳಕೆರೆಯ ಅಮೃತಮಹಲ್ ಕಾವಲನ್ನು ಮೇ ತಿಂಗಳಲ್ಲಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹುಲ್ಲೆಲ್ಲ ಸುಟ್ಟು ನೆಲ ಬೋಳಾಗಿರುತ್ತದೆ. ಒಂದು ಮಳೆ ಬೀಳಲಿ, ವಾರದಲ್ಲಿ ಹಸಿರು. ಬೀಜ ಮಣ್ಣಲ್ಲೇ ಇತ್ತು. ಬ್ಯಾಸಿಲಸ್ ಕೂಡ ಹಾಗೆಯೇ ಗಟ್ಟಿ ಕವಚದೊಳಗೆ ಬೀಜಕವಾಗಿ ಅಕ್ಕಿಕಾಳಿಗೆ ಅಂಟಿಕೊಂಡು ಬರುತ್ತದೆ. ಕುದಿ ಅದನ್ನು ಕೊಲ್ಲುವುದಿಲ್ಲ, ಎಬ್ಬಿಸುತ್ತದೆ. ಅನ್ನ ಉಗುರುಬೆಚ್ಚಗಾದಾಗ ಮೊಳೆತು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತಾ ಹೋದರೆ, ಐದು ಗಂಟೆಯಲ್ಲಿ ಒಂದಕ್ಕೆ ಸಾವಿರ.

ಅನ್ನದಲ್ಲಿ ಇದು ಹೌಗೆಯನ್ನು ಕಾಡಿದ್ದಕ್ಕಿಂತ ಕೆಟ್ಟ ಬುದ್ಧಿ ತೋರಿಸುತ್ತದೆ. 1970ರ ದಶಕದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರು ಒಂದೆರಡು ಗಂಟೆಯಲ್ಲೇ ವಾಂತಿ ಮಾಡಿಕೊಳ್ಳುತ್ತಿದ್ದರು. ಅನ್ನವನ್ನು ಮೊದಲೇ ಮಾಡಿ, ಫ್ರಿಜ್ಜಿನಲ್ಲಿಟ್ಟರೆ ಗಂಟಾಗುತ್ತದೆಂದು ಹೊರಗಿಟ್ಟು, ಗಿರಾಕಿ ಬಂದಾಗ ಬಾಣಲೆಯಲ್ಲಿ ಹುರಿದು ಕೊಡುತ್ತಿದ್ದರು. ಹುರಿದಾಗ ಬ್ಯಾಕ್ಟೀರಿಯಾ ಸತ್ತವು, ಅವು ಬಿಟ್ಟುಹೋದ ವಿಷ ಸಾಯಲಿಲ್ಲ. ಸೆರುಲೈಡ್ ಎಂಬ ಈ ವಿಷ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟರೂ ಹಾಳಾಗುವುದಿಲ್ಲ. ಅಂದರೆ ಅಂಥ ಅನ್ನವನ್ನು ಕುಕ್ಕರಿಗೆ ಹಾಕಿ ಒಂದೂವರೆ ಗಂಟೆ ಸೀಟಿ ಹೊಡೆಸಿದರೂ ಪ್ರಯೋಜನವಿಲ್ಲ. ಬೆಳಗಿನ ಅನ್ನಕ್ಕೆ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿದರೂ ಅಷ್ಟೇ.

ಮನೆಯ ಪಾತ್ರೆಯಲ್ಲಿ ಆಗದ ಅನಾಹುತ ಮದುವೆ ಮನೆಯಲ್ಲೇ ಏಕೆ? ಇದಕ್ಕೆ ನನ್ನ ಗುರು ಕುರಿಮಂದೆ. ಚಳ್ಳಕೆರೆ ಸೀಮೆ ಕುರಿಯ, ಕಂಬಳಿಯ ಸೀಮೆ. ಚಳಿಗಾಲದ ರಾತ್ರಿ ಮಂದೆಯನ್ನು ಹೊಲದಲ್ಲಿ ನಿಲ್ಲಿಸಿದಾಗ ನೋಡಿ, ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಅಂಚಿನ ಕುರಿಗೆ ಗಾಳಿ ಬಡಿಯುತ್ತದೆ. ನಡುವಿನ ಕುರಿಗೆ ನಾಲ್ಕೂ ಕಡೆ ಕಂಬಳಿಯೇ. ಹತ್ತು ಕುರಿಯ ಮಂದೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಂಚಿನವೇ, ಐನೂರರ ಮಂದೆಯಲ್ಲಿ ಬಹುಪಾಲು ನಡುವಿನವು. ಕೊಪ್ಪರಿಗೆಯ ಅನ್ನದ ಅಗುಳುಗಳೂ ಹಾಗೆಯೇ. ಎಲ್ಲ ಕಡೆಯೂ 10 ಸೆಂ.ಮೀ. ಇರುವ ಚೌಕ ಪಾತ್ರೆಯಲ್ಲಿ ಒಂದು ಲೀಟರ್ ಹಿಡಿಯುತ್ತದೆ, ಆ ಲೀಟರಿಗೆ ಬಿಸಿ ಹೊರಹಾಕಲು 600 ಚದರ ಸೆಂ.ಮೀ. ಮೈ. ಎಲ್ಲ ಕಡೆ 50 ಸೆಂ.ಮೀ. ಮಾಡಿದರೆ 125 ಲೀಟರ್ ಹಿಡಿಯುತ್ತದೆ, ಪ್ರತಿ ಲೀಟರಿಗೆ ದಕ್ಕುವ ಮೈ ಬರೀ 120. ಸಾಲದ್ದಕ್ಕೆ ಅನ್ನ ಸಾರಿನಂತೆ ಕದಡಿ ಹರಿಯುವುದಿಲ್ಲ. ಶಾಖ ಅಗುಳಿಂದ ಅಗುಳಿಗೆ ದಾಟಿಕೊಂಡೇ ಹೊರಗೆ ಬರಬೇಕು. ದಪ್ಪ ಐದು ಪಟ್ಟಾದರೆ ಆರುವ ಹೊತ್ತು ಹತ್ತಿರ ಹತ್ತಿರ ಇಪ್ಪತ್ತೈದು ಪಟ್ಟು.

ಹಳೇ ಅಡುಗೆಯವರು ಅನ್ನ ಬಸಿದು, ಚಾಪೆಯ ಮೇಲೆ ಒಗೆದ ಬಿಳಿ ಪಂಚೆ ಹಾಸಿ ಸುರಿಯುತ್ತಿದ್ದರು. ತೆಳುವಾಗಿ ಹರಡಿದರೆ ಮಂದೆ ಚದುರಿದಂತೆ, ಬೇಗ ಆರುತ್ತದೆ. ರಾಶಿ ಮಾಡಿ ಮೇಲೊಂದು ಪಂಚೆ ಮುಚ್ಚಿದರೆ? ಮತ್ತೆ ಮಂದೆ, ಮೇಲೆ ಕಂಬಳಿ ಬೇರೆ.

ಹಾಗಂತ ಕೊಪ್ಪರಿಗೆ ಶತ್ರುವಲ್ಲ. 60 ಡಿಗ್ರಿಯ ಮೇಲಿರುವವರೆಗೆ ಹೊಟ್ಟೆ ಕೆಡಿಸುವ ಯಾವ ಬ್ಯಾಕ್ಟೀರಿಯಾವೂ ತಲೆ ಎತ್ತದು, ಆ ಬಿಸಿಯನ್ನು ಹಿಡಿದಿಡುವುದೂ ಅದೇ ದೊಡ್ಡ ಪಾತ್ರೆ. ಕೆಂಡದ ಮೇಲೆ ಕುದಿಯುತ್ತಲೇ ಇರುವ ಸಾರಿಗೆ ಭಯವಿಲ್ಲ. ಕೆಡುಕು ಇರುವುದು 60ಕ್ಕೂ 5ಕ್ಕೂ ನಡುವೆ, ಅದರಲ್ಲೂ ಮೈಬೆಚ್ಚಗಿನ ಆಸುಪಾಸಿನಲ್ಲಿ ಕಳೆಯುವ ಗಂಟೆಗಳಲ್ಲಿ.

ಮಾರನೆಯ ದಿನದ ಬೀಗರೂಟದ ಬಾಡಿನ ಸಾರಿಗೆ ಬೇರೆಯೇ ಗಿರಾಕಿ: ಕ್ಲಾಸ್ಟ್ರಿಡಿಯಂ ಪರ್ಫ್ರಿಂಜನ್ಸ್. ಕುದಿದು ಗಾಳಿ ಕಳೆದುಕೊಂಡ ಗಟ್ಟಿ ಸಾರು ಅದಕ್ಕೆ ಸ್ವರ್ಗ. 45 ಡಿಗ್ರಿಯ ಹತ್ತಿರ ಹತ್ತು ನಿಮಿಷಕ್ಕೇ ಇಮ್ಮಡಿ. ಆದರೆ ಇದು ವಿಷ ಕಕ್ಕುವುದು ಬಹುಮಟ್ಟಿಗೆ ನಮ್ಮ ಕರುಳಿಗೆ ಹೋದಮೇಲೆ. ಆದ್ದರಿಂದ ಬಡಿಸುವ ಮುಂಚೆ ತಳದಿಂದ ತಿರುವಿ ಚೆನ್ನಾಗಿ ಕುದಿಸಿದರೆ ಅದರ ಆಟ ಮುಗಿಯಿತು. "ಮತ್ತೆ ಬಿಸಿ ಮಾಡಿದ್ರೆ ಸರಿಹೋಗುತ್ತೆ" ಎಂಬ ಮಾತು ಸಾರಿಗೆ ನಿಜ, ಅನ್ನಕ್ಕೆ ಸುಳ್ಳು. ಕೈ ತಾಗಿಸಿ ಉಂಡೆ ಕಟ್ಟಿದ ಖೋವಾ ಸಿಹಿಗೂ ಸುಳ್ಳು, ಬಾರ್ಬರ್ ಕುಡಿದ ಹಾಲಿನ ವಿಷವೂ ಕುದಿಗೆ ಜಗ್ಗದು.

ಮೊಸರನ್ನ? ಹುಳಿ ಇದ್ದರೆ ಕಾವಲುಗಾರ ಇದ್ದಂತೆ. ಪುಳಿಯೋಗರೆ ದಿನವಿಡೀ ತಾಳುವುದು ಹುಣಸೆಯ ಪುಣ್ಯ. ಆದರೆ ಮಧ್ಯಾಹ್ನಕ್ಕೆ ಹುಳಿಯಾಗದಿರಲೆಂದು ಅಡುಗೆಯವರು ಬೆಳಿಗ್ಗೆ ಹಾಲೇ ಹೆಚ್ಚು ಹಾಕಿ, ಮೊಸರನ್ನು ಶಾಸ್ತ್ರಕ್ಕೆ ಒಂದಿಷ್ಟು ಬೆರೆಸುತ್ತಾರೆ. ಆಗ ಕಾವಲುಗಾರ ಡ್ಯೂಟಿಗೆ ಬರುವುದೇ ಹನ್ನೊಂದಕ್ಕೆ, ಕಳ್ಳ ಏಳಕ್ಕೇ ಒಳಗೆ ಹೊಕ್ಕಿರುತ್ತಾನೆ.

ತಂಪು-ಉಷ್ಣದ ಪ್ರಶ್ನೆಗೆ ನನ್ನಲ್ಲಿ ಹೆಚ್ಚು ಮಾತಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದಂದಿನಿಂದ ಮದುವೆಯ ಪಟ್ಟಿಗಳಲ್ಲಿ ನವಣೆ ಬಿಸಿಬೇಳೆಬಾತು ಕಾಣುತ್ತಿದೆ, "ದೇಹಕ್ಕೆ ತಂಪು" ಎಂಬ ಫಲಕದ ಸಮೇತ. ನವಣೆ ಒಳ್ಳೆಯ ಧಾನ್ಯ, ಈ ನೆಲದ್ದೇ. ಬ್ಯಾಸಿಲಸ್ಸಿಗೂ ಅದು ಒಳ್ಳೆಯ ಧಾನ್ಯವೇ. ಬೆಚ್ಚಗೆ ಬಿಟ್ಟರೆ ಅಲ್ಲೂ ಬೆಳೆಯುತ್ತದೆ.

ನಿಜವಾದ ತಂಪಿಗೆ ಇಲ್ಲಿನ ಒಣಹವೆಯೇ ಇದೆ. 40 ಡಿಗ್ರಿ ಬಿಸಿಲಿನಲ್ಲೂ ಗಾಳಿಯ ತೇವ ಶೇ. 20 ಇದ್ದರೆ, ಒದ್ದೆ ಬಟ್ಟೆ ನೀರಾರಿಸಿಕೊಳ್ಳುತ್ತಾ ಸುಮಾರು 22 ಡಿಗ್ರಿವರೆಗೆ ಇಳಿಯಬಲ್ಲದು. ಒದ್ದೆ ಗೋಣಿ ಸುತ್ತಿ ನೆರಳಲ್ಲಿ, ಗಾಳಿಗೆ ಇಟ್ಟ ಮಜ್ಜಿಗೆಯ ಮಣ್ಣಿನ ಗಡಿಗೆ ಅಷ್ಟಲ್ಲದಿದ್ದರೂ ಅದರ ಹತ್ತಿರ ಹೋಗುತ್ತದೆ. ಮಂಗಳೂರಿನ ಮದುವೆಯಲ್ಲಿ ಈ ಉಪಾಯ ಇಷ್ಟು ನಡೆಯದು. ಐಸ್ ಬೇಡ; ಯಾವ ನೀರಿನದೋ ಗೊತ್ತಿರುವುದಿಲ್ಲ, ಹೆಪ್ಪುಗಟ್ಟಿದ ಮಾತ್ರಕ್ಕೆ ಬ್ಯಾಕ್ಟೀರಿಯಾ ಸಾಯುವುದಿಲ್ಲ.

ಓದುಗರಿಗೆ ಹೇಳಿದ್ದು ಇಷ್ಟು. ಕಸ್ಟರ್ಡ್ ತೆಗೆದುಹಾಕಿ, ಬಾಳೆಹಣ್ಣು ಹಾಗೇ ಕೊಡಿ. ಸಿಹಿಗೆ ಶೇಂಗಾ ಹೋಳಿಗೆ: ಬೆಲ್ಲ ಇರುವ ನೀರನ್ನೆಲ್ಲ ಹಿಡಿದಿಟ್ಟುಕೊಂಡು ಬ್ಯಾಕ್ಟೀರಿಯಾಕ್ಕೆ ಗುಟುಕೂ ಬಿಡುವುದಿಲ್ಲ, ಎಣ್ಣೆ ಮಿಲ್ಲುಗಳ ಊರಲ್ಲಿ ಶೇಂಗಾಕ್ಕೆ ಬರವೂ ಇಲ್ಲ. ಮಿರ್ಚಿಯನ್ನು ಪಂಕ್ತಿ ಕೂತಾಗಲೇ ಕರಿಯಲಿ. ಮೊಸರನ್ನ ಬೆಳಿಗ್ಗೆ ಕಲೆಸಬೇಡಿ, ಅನ್ನ ಬಡಿಸಿ ಮೇಲೆ ಗಟ್ಟಿ ಮೊಸರು ಹಾಕಿ. ಅನ್ನವನ್ನು ಮಾತ್ರ ಹನ್ನೊಂದಕ್ಕೆ, ಹನ್ನೆರಡೂವರೆಗೆ, ಎರಡಕ್ಕೆ, ಮೂರು ಸಲ ಮಾಡಿಸಿ.

ವಾರ ಬಿಟ್ಟು ಮತ್ತೆ ಫೋನ್ ಬಂತು. ಅಡುಗೆಯವರು ಎಲ್ಲಕ್ಕೂ ಒಪ್ಪಿದ್ದಾರೆ, ಆದರೆ ಮೂರು ಸಲ ಅನ್ನಕ್ಕೆ ಇನ್ನೊಂದು ಒಲೆ, ಎರಡಾಳು ಹೆಚ್ಚಿಗೆ ಬೇಕಂತೆ. "ಕಸ್ಟರ್ಡ್ ಬಿಟ್ಟಿದ್ರಲ್ಲಿ ಉಳಿದ ದುಡ್ಡು ಅದಕ್ಕೇ ಸರಿಹೋಯ್ತು ಸಾರ್," ಅಂದರು.