ಘಟ್ಟ ಇಳಿಯುವ ಗಾಡಿಯ ಕೆಳಗೆ

ಮಳೆ ಹಿಂದಾಗಿ ದಸರೆ ಹತ್ತಿರ ಬಂತೆಂದರೆ ಸಕಲೇಶಪುರದ ಗ್ಯಾರೇಜುಗಳಿಗೆ ಪುರುಸೊತ್ತಿಲ್ಲ. ಜೂನ್‌ನಿಂದ ಸುರಿದ ಮಳೆ ರಸ್ತೆಗೆ ಮಾಡಿದ್ದನ್ನು ರಸ್ತೆ ಈಗ ಗಾಡಿಗಳಿಗೆ ಮಾಡಿ ಕಳಿಸಿದೆ. ಶಿರಾಡಿ ಘಟ್ಟದಲ್ಲಿ ಕಾಂಕ್ರೀಟ್ ಬಿದ್ದ ಕಡೆ ಪ್ರಯಾಣ ಸುಖ, ಬೀಳದ ಕಡೆ ಗುಂಡಿ. ಅದರ ಮೇಲೆ ಕಾಫಿ ತೋಟಗಳ ಒಳದಾರಿ, ಬಿಸಿಲೆ ಕಡೆಯ ತಿರುವು. ಹೋಮ್‌ಸ್ಟೇಗೆ ಜನ ಸಾಗಿಸುವ ಟ್ಯಾಕ್ಸಿಗಳು ಇದನ್ನೆಲ್ಲ ದಿನಬೆಳಗಾದರೆ ತುಳಿಯಬೇಕು.

ಶೆಡ್ಡಿನೊಳಗೆ ಜಾಕಿ ಏರಿ ನಿಂತಿರುವುದು 2010ರ ಇನ್ನೋವಾ. ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿ. ಮೀಟರ್ 4 ಲಕ್ಷ ಕಿಲೋಮೀಟರ್ ದಾಟಿದೆ. ಎಂಜಿನ್ ಈಗಲೂ ಗಟ್ಟಿ. ಸೋತಿರುವುದು ಅದರ ಕೈಕಾಲು. "ಹಂಪ್ ಹತ್ತಿದ್ರೆ ಕಟಕ್ ಅಂತದೆ, ಬ್ರೇಕ್ ಹಿಡಿದ್ರೆ ಎಡಕ್ಕೆ ಎಳೀತದೆ" ಎನ್ನುತ್ತಾನೆ ಚಾಲಕ. ಮೇಸ್ತ್ರಿ ಓಡಿಸಿ ನೋಡುವ ಗೋಜಿಗೆ ಹೋಗಲಿಲ್ಲ. ಮೊದಲು ಮುಂದಿನ ಟೈರಿನ ಮೇಲೆ ಅಂಗೈ ಆಡಿಸಿದರು. ಒಳಗಿನ ಅಂಚು ಬೋಳಾಗಿದೆ, ಹೊರಗಿನ ಅಂಚಿನಲ್ಲಿ ಇನ್ನೂ ಗೆರೆಗಳಿವೆ. ಆಮೇಲೆ ಸಬ್ಬಲದ ತುದಿಯನ್ನು ಚಕ್ರದ ಕೆಳಗಿಟ್ಟು ಮೀಟಿದರು. ಬಾಲ್ ಜಾಯಿಂಟ್ ತನ್ನ ಗೂಡಿನೊಳಗೆ 'ಟಕ್' ಎಂದು ಎದ್ದು ಕೂತಿತು. ಅದು ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚಾಗಿ ಸಬ್ಬಲ ಹಿಡಿದ ಕೈಗೆ ತಿಳಿಯುತ್ತದೆ. ಕೆಳಗಿನ ಈ ಜಾಯಿಂಟ್ ಪೂರ್ತಿ ಕಳಚಿದರೆ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತದೆ, ಸ್ಟೇರಿಂಗ್ ಯಾರ ಮಾತನ್ನೂ ಕೇಳುವುದಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತವಿರುವ ದಾರಿಯಲ್ಲಿ ಹಾಗಾದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನೋವಾದ ಮುಂದಿನ ಒಂದೊಂದು ಚಕ್ರವನ್ನೂ ಮೇಲೊಂದು, ಕೆಳಗೊಂದು ಆರ್ಮ್ ಹಿಡಿದಿರುತ್ತವೆ. ಆರ್ಮ್ ಚಾಸಿಗೆ ಸೇರುವ ಕಡೆ ರಬ್ಬರ್ ಬುಶ್, ಚಕ್ರಕ್ಕೆ ಸೇರುವ ಕಡೆ ಬಾಲ್ ಜಾಯಿಂಟ್. ನಡುವೆ ಸ್ಪ್ರಿಂಗ್, ಅದರೊಳಗೆ ಶಾಕಪ್ಸರ್. ಭಾರ ಹೊರುವುದು ಶಾಕಪ್ಸರ್ ಎಂದೇ ಬಹಳ ಜನ ತಿಳಿದಿದ್ದಾರೆ. ಹೊರುವುದು ಸ್ಪ್ರಿಂಗ್. ಕುಣಿಯತೊಡಗಿದ ಸ್ಪ್ರಿಂಗನ್ನು ತಡೆದು ನಿಲ್ಲಿಸುವುದು ಶಾಕಪ್ಸರ್ ಕೆಲಸ. ಒಳಗಿನ ಪಿಸ್ಟನ್ ಸಣ್ಣ ತೂತುಗಳ ಮೂಲಕ ಎಣ್ಣೆಯನ್ನು ತಳ್ಳುತ್ತದೆ, ಕುಣಿತ ಶಾಖವಾಗಿ ಹೊರಹೋಗುತ್ತದೆ. ಎಣ್ಣೆ ಸೋರಿದರೆ ಚಕ್ರ ರಸ್ತೆ ಬಿಟ್ಟು ಪುಟಿಯುತ್ತದೆ. ಪುಟಿದ ಚಕ್ರಕ್ಕೆ ಬ್ರೇಕ್ ಹಾಕಿ ಪ್ರಯೋಜನವಿಲ್ಲ. ಶಾಕಪ್ಸರ್ ಹೋದ ಗಾಡಿಯಲ್ಲಿ ಕಳೆದುಹೋಗುವುದು ಬರೀ ಸುಖವಲ್ಲ, ನಿಲ್ಲುವ ಶಕ್ತಿಯೂ ಹೌದು.

ಬಿಚ್ಚುವ ಕೆಲಸ ನಿಧಾನದ್ದು. ಕೆಸರು, ತುಕ್ಕು ಸೇರಿ ಬೋಲ್ಟುಗಳು ಕಚ್ಚಿಕೊಂಡಿವೆ. ರಾತ್ರಿಯೇ ಎಣ್ಣೆ ಬಿಟ್ಟಿದ್ದರೂ ಪಾನಾಕ್ಕೆ ಉದ್ದನೆಯ ಪೈಪ್ ತೊಡಿಸಿ ತಿರುಗಿಸಬೇಕಾಯಿತು. ಕೆಳಗಿನ ಆರ್ಮಿನ ಬೋಲ್ಟಿನಲ್ಲಿ ಚಕ್ರದ ಓರೆ ಹೊಂದಿಸುವ ಕ್ಯಾಮ್ ಇದೆ. ಬಿಚ್ಚುವ ಮುನ್ನ ಗ್ಯಾರೇಜಿನ ಹುಡುಗ ಅದರ ಮೇಲೆ ಸುಣ್ಣದಕಡ್ಡಿಯಲ್ಲಿ ಗೆರೆ ಎಳೆದುಕೊಂಡ. ಸ್ಪ್ರಿಂಗ್ ಬಿಚ್ಚುವಾಗ ಮಾತ್ರ ಮೇಸ್ತ್ರಿ ಅವನನ್ನು ದೂರ ಕಳಿಸಿದರು. ಎರಡೂ ಬದಿ ಕ್ಲಾಂಪ್ ಹಾಕಿ, ಸಮಸಮವಾಗಿ ತಿರುಗಿಸಿ ಸ್ಪ್ರಿಂಗ್ ಅದುಮಬೇಕು. ಅದುಮಿದ ಸ್ಪ್ರಿಂಗ್ ಕ್ಲಾಂಪ್ ತಪ್ಪಿಸಿಕೊಂಡರೆ ಜೀವಕ್ಕೇ ಸಂಚಕಾರ. ಹಗ್ಗ ಕಟ್ಟಿ, ತಂತಿ ಸುತ್ತಿ ಈ ಕೆಲಸ ಮಾಡುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಹೊರಬಂದ ಬುಶ್ಶನ್ನು ಮೇಸ್ತ್ರಿ ನನ್ನ ಕೈಗಿಟ್ಟರು. ಹೊರಗೊಂದು ಉಕ್ಕಿನ ಬಳೆ, ಒಳಗೊಂದು ಉಕ್ಕಿನ ಕೊಳವೆ, ಎರಡರ ನಡುವೆ ಬೆಸೆದ ರಬ್ಬರ್. ಆ ರಬ್ಬರ್ ಬಿಸಿಲಿಗೆ ಒಡೆದ ಕೆರೆಯಂಗಳದಂತಾಗಿದೆ. ಒಂದು ಕಡೆ ಬೆಸುಗೆಯೇ ಬಿಟ್ಟು, ಒಳಕೊಳವೆ ಬೆರಳಿಗೆ ಸಿಕ್ಕಂತೆ ಅಲುಗುತ್ತದೆ. ಟೈರಿನ ಒಳ ಅಂಚು ಸವೆಸಿದ್ದು ಇದೇ, ಬ್ರೇಕ್ ಹಿಡಿದಾಗ ಗಾಡಿಯನ್ನು ಎಳೆದದ್ದೂ ಇದೇ.

ಹೊಸ ಬುಶ್ ಪ್ರೆಸ್‌ನ ಒತ್ತಡಕ್ಕೆ ಆರ್ಮಿನಲ್ಲಿ ಕೂತಿತು. ಹೊಸ ಬಾಲ್ ಜಾಯಿಂಟಿನ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಬಿತ್ತು. ಎಡಕ್ಕೆ ಹಾಕಿದಂತೆ ಬಲಕ್ಕೂ ಹೊಸ ಶಾಕಪ್ಸರ್ ಬಂತು. ಒಂದು ಹೊಸದು ಒಂದು ಹಳೆಯದಾದರೆ ಗಾಡಿ ತಿರುವಿನಲ್ಲಿ ಎರಡು ಬಗೆಯಾಗಿ ನಡೆಯುತ್ತದೆ. ಇಷ್ಟಾದ ಮೇಲೆ ಆರ್ಮಿನ ಬೋಲ್ಟುಗಳನ್ನು ಬಿಗಿಯುವುದೊಂದು ಉಳಿದಿತ್ತು. ಮೇಸ್ತ್ರಿ ಕೈಯಲ್ಲಿ ತಿರುಗುವಷ್ಟು ಮಾತ್ರ ತಿರುಗಿಸಿ ಬಿಟ್ಟರು. ಚಕ್ರ ಹಾಕಿಸಿದರು, ಗಾಡಿ ಇಳಿಸಿದರು, ಬಾನೆಟ್ ಮೇಲೆ ಭಾರ ಹಾಕಿ ನಾಲ್ಕಾರು ಸಲ ಅದುಮಿಸಿದರು. ಆಮೇಲೆ ಗಾಡಿಯಡಿಯ ಗುಂಡಿಗೆ ಇಳಿದು, ಮಲಗಿದಂತೆ ಒರಗಿ, ಟಾರ್ಕ್ ರೆಂಚ್ 'ಕ್ಲಿಕ್' ಎನ್ನುವವರೆಗೆ ಬಿಗಿದರು.

ಈ ಕೆಲಸದ ಜೀವ ಇರುವುದೇ ಇಲ್ಲಿ. ಬೋಲ್ಟ್ ಬಿಗಿದರೆ ಬುಶ್ಶಿನ ಒಳಕೊಳವೆ ಚಾಸಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಆರ್ಮ್ ಏರಿಳಿಯುವುದು ರಬ್ಬರ್ ತಿರುಚಿಕೊಂಡರೆ ಮಾತ್ರ. ಚಕ್ರ ಜೋತಾಡುತ್ತಿರುವಾಗಲೇ ಬಿಗಿದುಬಿಟ್ಟರೆ, ಗಾಡಿ ಇಳಿದ ಕ್ಷಣದಿಂದ ಆ ರಬ್ಬರಿಗೆ ಬಿಡುವೆಂಬುದಿಲ್ಲ. ನಿಂತಾಗಲೂ ತಿರುಚಿಕೊಂಡೇ ಇರಬೇಕು. ಬಲುಬೇಗ ಹರಿಯುತ್ತದೆ. ಆಗ ಎಲ್ಲರೂ ಬಯ್ಯುವುದು ಬಿಡಿಭಾಗವನ್ನು, ಅಂಗಡಿಯವನನ್ನು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಅಸಲಿ ಸಾಮಾನನ್ನೇ ತಂದರೂ ಈ ತಪ್ಪಿಗೆ ಮದ್ದಿಲ್ಲ. ಜೋತಾಡುವ ಆರ್ಮಿಗೆ ಪಾನಾ ಹಾಕುವುದು ಸಲೀಸು, ಇಳಿಸಿ ಬಿಗಿಯುವುದು ಬೆನ್ನಿಗೆ ನೋವು. ಆ ನೋವನ್ನು ಒಪ್ಪಿಕೊಳ್ಳುವ ಮೇಸ್ತ್ರಿಗೆ ನಾವು ಕೊಡುವ ಕೂಲಿಯಲ್ಲಿ ಚೌಕಾಸಿ ಮಾಡುವುದು ಸರಿಯಲ್ಲವೆಂದೇ ನನ್ನ ಭಾವನೆ.

ಗೆರೆ ಎಳೆದು ಜೋಡಿಸಿದ್ದರೂ ವೀಲ್ ಅಲೈನ್‌ಮೆಂಟ್ ಬೇಕೇ ಬೇಕು. ಇನ್ನೋವಾ ಅಲ್ಲಿಂದ ನೇರ ಅದಕ್ಕೇ ಹೋಯಿತು.

ನಿಮ್ಮ ಗಾಡಿಯೂ ಲಕ್ಷಗಳನ್ನು ದಾಟಿದ್ದರೆ, ಘಟ್ಟ ಇಳಿಯುವ ಮುನ್ನ ಒಮ್ಮೆ ಎತ್ತಿಸಿ ನೋಡಿಸಿ. ಕೆಲಸ ಮುಗಿದ ಮೇಲೆ ಮೇಸ್ತ್ರಿಯನ್ನು ಒಂದೇ ಮಾತು ಕೇಳಿ: ಆರ್ಮಿನ ಬೋಲ್ಟ್ ಬಿಗಿದದ್ದು ಚಕ್ರ ನೆಲಕ್ಕೆ ತಾಗಿದ ಮೇಲೆಯೋ, ಮುಂಚೆಯೋ? ಮುಂಚೆ ಎಂದರೆ, ಸಡಿಲಿಸಿ ಮತ್ತೆ ಬಿಗಿಸಿಕೊಂಡೇ ಹೊರಡಿ.