ಕಂಪಿಸುವ ದೇಹಕ್ಕೆ ಮಂದಗತಿಯ ಅಭ್ಯಾಸ

ಬಸವನಗುಡಿಯ ಕೃಷ್ಣರಾವ್ ಉದ್ಯಾನದಲ್ಲಿ ಪ್ರಾತಃಕಾಲ ಅಡ್ಡಾಡುವ ಹಿರಿಯರಲ್ಲಿ, ಹೆಜ್ಜೆ ಕಿರಿದಾಗಿ, ತೋಳಿನ ಬೀಸು ನಿಂತು, ತಿರುಗುವೆಡೆಯಲ್ಲಿ ಪಾದವು ನೆಲಕ್ಕೆ ಅಂಟಿದಂತಾಗುವವರನ್ನು ಕಂಡರೆ, ಅದನ್ನು ಕೇವಲ ವಾರ್ಧಕ್ಯವೆಂದು ಬಗೆಯದೆ ವೈದ್ಯರಲ್ಲಿಗೆ ಕರೆದೊಯ್ಯುವುದು ಲೇಸು. ಮಿದುಳಿನಲ್ಲಿ ಡೋಪಮಿನ್ ಉತ್ಪಾದಿಸುವ ಕೋಶಗಳು ಕ್ಷೀಣಿಸುವ ಪಾರ್ಕಿನ್‌ಸನ್ ವ್ಯಾಧಿಯಲ್ಲಿ, ಔಷಧದಿಂದ ಕಂಪನ ತಗ್ಗಿದರೂ ಸಮತೋಲನದ ದೋಷ ಸುಲಭವಾಗಿ ಮಣಿಯದು. ಚೀನಾ ದೇಶದ ತಾಯ್ ಚಿ ನೆರವಾಗುವುದು ಇಲ್ಲಿಯೇ: ಮೊಣಕಾಲನ್ನು ತುಸು ಮಡಿಸಿ, ದೇಹಭಾರವನ್ನು ಮೆಲ್ಲಮೆಲ್ಲನೆ ಒಂದು ಪಾದಕ್ಕೆ ಪೂರ್ಣವಾಗಿ ಒಪ್ಪಿಸಿದ ತರುವಾಯವೇ ಮತ್ತೊಂದನ್ನು ಎತ್ತುವ ಕ್ರಮವದು. ಅಮೆರಿಕದ ಆರೆಗಾನ್‌ನಲ್ಲಿ 195 ರೋಗಿಗಳನ್ನೊಳಗೊಂಡು ನಡೆದು, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆರಡು ಬಾರಿಯಂತೆ 24 ವಾರ ಇದನ್ನು ಅಭ್ಯಸಿಸಿದವರು, ಬರಿದೆ ಕೈಕಾಲು ಚಾಚುವ ವ್ಯಾಯಾಮ ಮಾಡಿದವರಿಗಿಂತ ಕಡಮೆ ಬಿದ್ದರು. ರೋಗವನ್ನು ಇದು ನೀಗಿಸದು, ಗುಳಿಗೆಯನ್ನೂ ಬಿಡಿಸದು. ಆದರೂ ನಮ್ಮ ಉದ್ಯಾನಗಳಲ್ಲಿ ಯೋಗಕ್ಕಿರುವ ಎಡೆ ಇದಕ್ಕೂ ದೊರೆಯಲೆಂಬುದು ನನ್ನ ಹಾರೈಕೆ. ಆರಂಭದಲ್ಲಿ ಮಾತ್ರ ಕುರ್ಚಿಯ ಬೆನ್ನು ಹಿಡಿದು, ಮನೆಯವರೊಬ್ಬರು ಪಕ್ಕದಲ್ಲಿರುವಾಗಲೇ ಅಭ್ಯಸಿಸತಕ್ಕದ್ದು.