ಮನೆಯ ಸೆಪ್ಟಿಕ್ ತೊಟ್ಟಿ: ಅದರ ರಚನೆ, ಪಾಲನೆ ಮತ್ತು ನಿಬಂಧನೆಗಳು

ಗ್ರಾಮಗಳಲ್ಲಿ ಈಚೆಗೆ ಕಟ್ಟಲ್ಪಡುವ ಮನೆಗಳಲ್ಲಿ ಕಕ್ಕಸೂ ಅದಕ್ಕೆ ಸೇರಿದ ಸೆಪ್ಟಿಕ್ ತೊಟ್ಟಿಯೂ ಸಾಮಾನ್ಯವಾಗಿವೆ. ಇದು ಸಂತೋಷಕರವಾದುದೇ. ಆದರೆ ತೊಟ್ಟಿಯನ್ನು ನೆಲದಲ್ಲಿ ಕಟ್ಟಿ ಮುಚ್ಚಿದೊಡನೆ ಕೆಲಸವು ಮುಗಿಯಿತೆಂದು ಭಾವಿಸಬಾರದು. ಪಾಲನೆಯಿಲ್ಲದ ತೊಟ್ಟಿಯಿಂದ ಬಾವಿಯ ನೀರು ಕೆಡುವುದು. ಅಜಾಗರೂಕತೆಯಿಂದ ತೆರೆದ ತೊಟ್ಟಿಯಿಂದ ಪ್ರಾಣಹಾನಿಯೇ ಸಂಭವಿಸುವುದು.

ನೆಲದ ಗುಣ.— ಬುಕ್ಕರಾಯನ ಕಾಲದ 1368ನೆಯ ಇಸವಿಯ ಶಾಸನದಿಂದ ಹೆಸರಾದ ಕಲ್ಯ ಗ್ರಾಮವು ಮಾಗಡಿ ತಾಲ್ಲೂಕಿನಲ್ಲಿದೆ. ಮಾಗಡಿ, ರಾಮನಗರಗಳ ಸೀಮೆಯಲ್ಲಿ ಕೆಂಪುಮಣ್ಣಿನ ಕೆಳಗೆ ಕಲ್ಲುನೆಲವಿರುವುದು ಸಾಮಾನ್ಯ. ರಾಮನಗರದ ಹಳೆಯ ಹೆಸರಿನಿಂದಲೇ ಭೂಶಾಸ್ತ್ರಜ್ಞರು ಈ ಸೀಮೆಯ ಶಿಲೆಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟಿದ್ದಾರೆ. ಮಣ್ಣು ಕೊಳೆನೀರನ್ನು ಸೋಸಬಲ್ಲುದು. ಬಂಡೆಯ ಬಿರುಕು ಸೋಸಲಾರದು. ಬಿರುಕಿಗೆ ಇಳಿದ ಕೊಳೆಯು ಬಾವಿಗೂ ಕೊಳವೆಬಾವಿಗೂ ಬೇಗನೆ ಸೇರುವುದು. ಆದುದರಿಂದ ಗುಂಡಿಯು ಬಾವಿಯಿಂದ ಕಡಮೆಯೆಂದರೆ 10 ಮೀಟರು ದೂರದಲ್ಲಿಯೂ ಇಳಿಜಾರಿನ ಕೆಳಗಡೆಯಲ್ಲಿಯೂ ಇರತಕ್ಕದ್ದು. ಕಲ್ಲುನೆಲವು ಮೇಲೆಯೇ ಇರುವಲ್ಲಿ ಇನ್ನೂ ಹೆಚ್ಚು ದೂರವಿರುವುದು ಲೇಸು.

ರಚನೆ.— ಭಾರತೀಯ ಮಾನಕ ಸಂಸ್ಥೆಯ 1985ನೆಯ ಇಸವಿಯ ಸಂಹಿತೆಯಂತೆ ಐವರ ಕುಟುಂಬಕ್ಕೆ ತೊಟ್ಟಿಯು 1.5 ಮೀಟರು ಉದ್ದ, 0.75 ಮೀಟರು ಅಗಲವಿದ್ದು, ಅದರಲ್ಲಿ ನೀರು 1 ಮೀಟರು ಆಳಕ್ಕೆ ನಿಲ್ಲಬೇಕು. ನೀರಿನ ಮೇಲೆ ಸುಮಾರು 30 ಸೆಂಟಿಮೀಟರು ಬರಿದಾಗಿರಬೇಕು. ದುರ್ವಾಯು ಹೊರಹೋಗಲು ಕೊಳವೆಯಿರಬೇಕು. ತೊಟ್ಟಿಯಲ್ಲಿ ಘನವಸ್ತುವು ಹೂಳಾಗಿ ತಳಕ್ಕಿಳಿಯುವುದು, ಜಿಡ್ಡು ಕೆನೆಗಟ್ಟಿ ತೇಲುವುದು, ನಡುವಣ ನೀರು ಹೊರಗೆ ಹರಿಯುವುದು. ಈ ನೀರು ತಿಳಿಯಾಗಿ ಕಂಡರೂ ರೋಗಾಣುಗಳಿಂದ ಕೂಡಿರುವುದು. ಇದನ್ನು ಬೀದಿಯ ಚರಂಡಿಗೂ ಕೆರೆಗೂ ಬಿಡದೆ ಇಂಗುಗುಂಡಿಗೆ ಬಿಡತಕ್ಕದ್ದು.

ಪಾಲನೆ.— ಮಳೆಯ ನೀರನ್ನೂ ಬಟ್ಟೆಚೂರು ಮೊದಲಾದ ಕಸವನ್ನೂ ತೊಟ್ಟಿಗೆ ಸೇರಿಸಬಾರದು. ಆಮ್ಲ, ಫಿನೈಲುಗಳನ್ನು ಧಾರಾಳವಾಗಿ ಸುರಿದರೆ ಮಲವನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಸಾಯುವುವು. 2–3 ವರ್ಷಗಳಿಗೊಮ್ಮೆ ಹೂಳನ್ನು ಹೀರುವ ಯಂತ್ರದ ಲಾರಿಯಿಂದ ತೆಗೆಯಿಸಬೇಕು. ತೊಟ್ಟಿಯೊಳಗೆ ಮನುಷ್ಯನನ್ನು ಎಂದಿಗೂ ಇಳಿಸಕೂಡದು. ಅಲ್ಲಿ ಸೇರಿರುವ ವಿಷವಾಯುವು ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡಿ, ಕ್ಷಣಮಾತ್ರದಲ್ಲಿ ಎಚ್ಚರ ತಪ್ಪಿಸುವುದು. ಬಿದ್ದವನನ್ನು ಎತ್ತಲು ಇಳಿದವನೂ ಹಾಗೆಯೇ ಸಾಯುವುದುಂಟು.

ಕಾನೂನು.— 2013ನೆಯ ಇಸವಿಯ ಮಲ ಹೊರುವ ಪದ್ಧತಿಯ ನಿಷೇಧದ ಕಾಯಿದೆಯು ರಕ್ಷಣಾ ಸಾಧನಗಳಿಲ್ಲದೆ ತೊಟ್ಟಿಯನ್ನು ಶುಚಿಮಾಡಿಸುವುದನ್ನು ನಿಷೇಧಿಸಿದೆ. ಕೂಲಿಗೆ ಕರೆದ ಮನೆಯ ಯಜಮಾನನೂ ಇದಕ್ಕೆ ಗುರಿಯಾಗುವನು. ಮೊದಲನೆಯ ಅಪರಾಧಕ್ಕೆ 2 ವರ್ಷಗಳವರೆಗೆ ಸೆರೆವಾಸ, ಇಲ್ಲವೆ 2 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ ಉಂಟು. ಚರಂಡಿಯಲ್ಲಿ ಮಡಿದವರ ಕುಟುಂಬಕ್ಕೆ 30 ಲಕ್ಷ ರೂಪಾಯಿಗಳ ಪರಿಹಾರವನ್ನು ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ವಿಧಿಸಿತು.

ಗೊಬ್ಬರದ ಮಾತು.— ಬೆಂಗಳೂರಿನ ಸುತ್ತಣ ಕೆಲವು ರೈತರು ತೊಟ್ಟಿಯ ಹೂಳನ್ನು ತೋಟಗಳಿಗೆ ಹಾಕಿಸಿಕೊಳ್ಳುವುದುಂಟು. ಅದರಲ್ಲಿ ಸಾರವಿರುವುದು ನಿಜ. ಆದರೆ ಹಸಿಯ ಹೂಳಿನಲ್ಲಿ ಜಂತುಹುಳುವಿನ ಮೊಟ್ಟೆಗಳು ಬಹುಕಾಲ ಜೀವಿಸಿರುವುವು. ಸೊಪ್ಪು ತರಕಾರಿಗಳ ಮಡಿಗೆ ಇದನ್ನು ಹಾಕಲೇಬಾರದು. 2015ರಲ್ಲಿ ಆರಂಭವಾದ ದೇವನಹಳ್ಳಿಯ ಶುದ್ಧೀಕರಣ ಕೇಂದ್ರದಲ್ಲಿ ಹೂಳನ್ನು ಒಣಗಿಸಿ, ಪಟ್ಟಣದ ಕಸದೊಡನೆ ಕಳಿಯಿಸಿ ಗೊಬ್ಬರವನ್ನು ಮಾಡುವ ಕ್ರಮವು ಅನುಸರಣೀಯವಾದುದು. ಸಣ್ಣ ಕುಟುಂಬಕ್ಕೆ ಜೋಡಿಗುಂಡಿಯ ಕಕ್ಕಸು ಸುಲಭತರ. ಒಂದು ಗುಂಡಿಯು ತುಂಬಿದೊಡನೆ ಮತ್ತೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ ಒಳಗಿನದು ವಾಸನೆಯಿಲ್ಲದ ಪುಡಿಗೊಬ್ಬರವಾಗುವುದು.

ಮುಖಂಡರ ಕರ್ತವ್ಯ.— ಮನೆ ಕಟ್ಟಲು ಗ್ರಾಮ ಪಂಚಾಯಿತಿಯ ಅನುಮತಿಯು ಬೇಕಾಗಿರುವುದರಿಂದ, ಆಗಲೇ ಬಾವಿಯ ದೂರವನ್ನೂ ಇಂಗುಗುಂಡಿಯನ್ನೂ ನೋಡಿಕೊಳ್ಳುವುದು ಸುಲಭ. ತೊಟ್ಟಿಯಿರುವ ಮನೆಗಳ ಪಟ್ಟಿಯನ್ನಿಟ್ಟು, ಹೂಳೆತ್ತಿಸಿದ ವರ್ಷವನ್ನು ಬರೆದಿಟ್ಟರೆ ಹಲವು ಮನೆಗಳವರು ಒಟ್ಟುಗೂಡಿ ಒಂದೇ ಲಾರಿಯನ್ನು ಕರೆಯಿಸಬಹುದು. ಜಮೀನುದಾರರು ತಮ್ಮ ಮನೆಯಲ್ಲಿ ಮೊದಲು ಈ ಕ್ರಮವನ್ನು ನಡೆಸಿದರೆ ಉಳಿದವರು ಅನುಸರಿಸುವರು. ಊರಿನ ಬಾವಿಯೂ ಕೂಲಿಯವನ ಪ್ರಾಣವೂ ಉಳಿಯುವುವು.